ಠಾಣೆಯ ಅಂಗಳದಲ್ಲಿ ಹಾಲು

ಟೆಂಪೊದಿಂದ ಮೊದಲು ಇಳಿದದ್ದು ಬುದ್ಧ ಮತ್ತು ಬಾಬಾಸಾಹೇಬರ ಫೋಟೊ. ಅದನ್ನು ಕಂಡದ್ದೇ ತಡ, ಮನೆ ಮಾಲೀಕ ರಾವಸಾಹೇಬರ ಮುಖದ ನಗು ಹಾರಿಹೋಯಿತು.

ಲೆಕ್ಕ ತಪ್ಪಿದ್ದು ಅವರದ್ದೇ. ಮನಿಷಾ ಮನೆ ನೋಡಲು ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಡ್ಡಹೆಸರೇನ್ರಿ?" ಅವಳು "ಭೋಜಕರ" ಎಂದಿದ್ದಳು. ಭೋಜ ಎಂಬ ಊರು ರಾವಸಾಹೇಬರ ತಾಯಿಯ ತವರು. "ಹಂಗಾರ ನಮ್ಮ ಪೈಕಿನ!" ಎಂದು ಚಾವಿ ಕೊಟ್ಟೇಬಿಟ್ಟಿದ್ದರು. ಗಡಿಭಾಗದಲ್ಲಿ ಊರ ಹೆಸರಿಗೆ 'ಕರ' ಹಚ್ಚಿಕೊಂಡವರು ಎಲ್ಲ ಜಾತಿಯಲ್ಲೂ ಇದ್ದಾರೆ. ಹೊಲದ ಒಡೆಯನೂ ಭೋಜಕರ, ಆ ಹೊಲದಲ್ಲಿ ಕಳೆ ತೆಗೆಯುವವಳೂ ಭೋಜಕರ. ಖುಷಿಯಲ್ಲಿ ರಾವಸಾಹೇಬರಿಗೆ ಅದು ನೆನಪಾಗಿರಲಿಲ್ಲ.

"ಮನಿ ಖಾಲಿ ಇಲ್ರಿ. ನಮ್ಮ ಮಗ ಬರಾಂವದಾನ," ಎಂದರು.

"ನಿಮಗ ಒಬ್ಬಾಕೀನ ಮಗಳು ಅಂದಿದ್ರೆಲ್ರಿ?" ಎಂದ ಟೆಂಪೊ ಚಾಲಕ ತುಕಾರಾಮ. ಗಾಡಿ ನಿಲ್ಲಿಸುವಾಗ ರಾವಸಾಹೇಬರು ಅವನೊಡನೆ ಮನೆಯ ಸುದ್ದಿಯೆಲ್ಲ ಹರಟಿದ್ದರು.

"ಹಂಗಾರ ಅಳಿಯ ಬರ್ತಾನ."

"ಮಗಳಿಗೆ ಇನ್ನೂ ವರಾ ನೋಡಾಕತ್ತೇವಿ ಅಂದ್ರಿ!"

ರಾವಸಾಹೇಬರು ಸೋತು ನಿಜ ಹೇಳಿದರು. "ನೋಡ ತಂಗಿ, ನಿಮ್ಮ ಮಂದಿಗೆ ಮನಿ ಕೊಟ್ರ ಓಣ್ಯಾಗ ನನಗ ತಲಿ ಎತ್ತಾಕ ಆಗೂದಿಲ್ಲ."

ಮನಿಷಾ ಸರಕಾರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. "ಮೊನ್ನೆ ಸಕ್ಕರಿ ಕಾಯಿಲೆ ನೋಡಿಸಾಕ ಬಂದಾಗ ತೋಳು ನನ್ನ ಕೈಯಾಗ ಕೊಟ್ಟಿದ್ರೆಲ್ರಿ, ಕಾಕಾ. ಆವಾಗ ಅಡ್ಡಹೆಸರು ಕೇಳಲಿಲ್ಲ," ಎಂದಳು. ನಂತರ ತುಕಾರಾಮನ ಕಡೆ ತಿರುಗಿದಳು. "ಅಣ್ಣಾ, ಗಾಡಿ ಠಾಣೆಗೆ ಹೊಡಿ."

ಠಾಣೆಯಲ್ಲಿ ಪಿಎಸ್ಐ ವಿಕ್ರಾಂತ ಎಲ್ಲವನ್ನೂ ಸಮಾಧಾನದಿಂದ ಕೇಳಿದ. "ಕೇಸ್ ಯಾಕ್ರಿ ಮೇಡಂ? ಬ್ಯಾರೆ ಮನಿ ನಾವ ಹುಡುಕಿ ಕೊಡ್ತೀವಿ."

"ಅಲ್ಲೂ ಇದ ಪ್ರಶ್ನೆ ಕೇಳ್ತಾರ್ರಿ. ನನಗ ಮನಿಗಿಂತ ಮೊದಲ ಈ ತಕರಾರು ದಾಖಲ ಆಗಬೇಕು. ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಐತಿ."

"ಐತ್ರಿ, ಐತಿ. ನಾಳೆ ಬರ್ರಿ."

ಅಷ್ಟರಲ್ಲಿ ತುಕಾರಾಮ ಮಂಚ, ಗಾದಿ, ಹಿಟ್ಟಿನ ಡಬ್ಬಿ, ಗ್ಯಾಸ್ ಒಲೆ ಎಲ್ಲವನ್ನೂ ಠಾಣೆಯ ಅಂಗಳದ ಬೇವಿನ ಗಿಡದ ಕೆಳಗೆ ಇಳಿಸಿದ್ದ. ಅವನಿಗೆ ನಿಪ್ಪಾಣಿಯಲ್ಲಿ ತಂಬಾಕಿನ ಲೋಡು ಕಾಯುತ್ತಿತ್ತು. "ಸಾಕ್ಷಿ ಬೇಕಂದ್ರ ಫೋನ್ ಹಚ್ಚು ತಂಗಿ, ಇಲ್ಲದ ಮಗಂದೂ ಅಳಿಯಂದೂ ಇಬ್ರ ಸುದ್ದೀನೂ ಹೇಳ್ತೀನಿ!" ಎಂದು ನಗುತ್ತ ಹೊರಟುಹೋದ.

ಟೆಂಪೊದಲ್ಲೇ ಜೊತೆಗೆ ಬಂದಿದ್ದ ಮನಿಷಾಳ ಅಜ್ಜಿ ತಾರಾಬಾಯಿ ಒಲೆ ಹೊತ್ತಿಸಿ ಪಾತೇಲಿ ಇಟ್ಟಳು. ಹೊಸ ಮನೆಯಲ್ಲಿ ಉಕ್ಕಿಸಲೆಂದು ಭೋಜದಿಂದ ತಂದ ಎಮ್ಮೆಯ ಹಾಲು. ಬಿಸಿಲಿಗೆ ಒಡೆಯುವ ಹಾಗಿತ್ತು.

ವಿಕ್ರಾಂತ ಓಡಿ ಬಂದ. "ಆಯಿ, ಇಲ್ಲ್ಯಾಕ ಒಲಿ ಹಚ್ಚೀರಿ?"

"ನಾಳೆ ಬಾ ಅಂದ್ಯಲ್ಲೋ ಸಾಹೇಬಾ. ಹಾಲು ಉಕ್ಕಿದಲ್ಲೇ ಮೊದಲ ರಾತ್ರಿ ಮಲಗಬೇಕು, ಅದು ನಮ್ಮ ಪದ್ಧತಿ. ಜಾಗಾ ಚಲೋ ಐತಿ, ನೆಳ್ಳೈತಿ. ಬಾಗಿಲಿಗೆ ಪೊಲೀಸರೂ ಅದಾರ!"

ಮರುದಿನ ಮುಂಜಾನೆ ಚಿಕ್ಕೋಡಿಯಿಂದ ಡಿವೈಎಸ್ಪಿ ತಪಾಸಣೆಗೆ ಬರುವವರಿದ್ದರು. ಅವರ ಕಣ್ಣಿಗೆ ಬೇವಿನ ಗಿಡದ ಕೆಳಗಿನ ಗಾದಿ, ಗಾದಿಯ ಮೇಲೆ ಗೊರಕೆ ಹೊಡೆಯುವ ಅಜ್ಜಿ! ವಿಕ್ರಾಂತ ಪಾತೇಲಿಗೆ ಬಗ್ಗಿ ನೋಡಿದ. ಅಂಚಿನಲ್ಲಿ ಗುಳ್ಳೆ ಏಳುತ್ತಿದ್ದವು.

"ಭರಮು! ಕಾಗದ ತಗೊಂಡು ಬಾ, ಲಗೂನ!"

ಹವಾಲ್ದಾರ ಭರಮು ಹಿಟ್ಟಿನ ಡಬ್ಬಿಯ ಮೇಲೆ ಕಾಗದ ಇಟ್ಟು ಬರೆಯತೊಡಗಿದ. ಮನಿಷಾಳಿಗೆ ಅವಸರವೇ ಇರಲಿಲ್ಲ.

"'ಮನೆ ನಿರಾಕರಿಸಿದರು' ಅಂತ ಸುಮ್ಮ ಬರದ್ರ ನಡ್ಯಾಂಗಿಲ್ರಿ. ಅಡ್ಡಹೆಸರು ಕೇಳಿದ್ದು, 'ನಿಮ್ಮ ಮಂದಿ' ಅಂದದ್ದು, ಆಡಿದ ಮಾತು ಆಡಿದ್ಹಂಗ ಬರೀರಿ."

"ಬರಿಯೋ ಭರಮು! ಆಯಿ, ಉರಿ ಸಣ್ಣ ಮಾಡ್ರಿ!"

"ನಿನ್ನ ಪೆನ್ನು ಜೋರು ಮಾಡಪಾ!"

ಠಾಣೆಯಿಂದ ಫೋನು ಹೋಗಿದ್ದರಿಂದ ರಾವಸಾಹೇಬರೂ ಏದುಸಿರು ಬಿಡುತ್ತ ಬಂದರು. "ತಂಗಿ, ಮನಿಗಿ ಬರ್ರಿ. ತಕರಾರು ಮಾತ್ರ ಬ್ಯಾಡ."

ಹಾಲು ಕಂಠದವರೆಗೆ ಏರಿತ್ತು. ಮನಿಷಾ ಬರೆದದ್ದನ್ನು ಓದಿ, ಒಂದು ತಾರೀಖು ತಿದ್ದಿಸಿ, ಸಹಿ ಮಾಡಿದಳು.

"ಮನಿಗಿ ಬರ್ತೀವ್ರಿ ಕಾಕಾ, ಚಾವಿ ನನ್ನ ಹಂತ್ಯಾಕನ ಐತಿ. ತಕರಾರೂ ಇರ್ತೈತಿ."

ವಿಕ್ರಾಂತ ತಾನೇ ಒಲೆ ಆರಿಸಿದ. ಹಾಲು ಅಂಚು ಮುಟ್ಟಿ ಇಳಿಯಿತು. ಭರಮು ಒಳಗೆ ಹೋಗಿ ಎಫ್ಐಆರ್ ಮಾಡಿ, ಸಿಕ್ಕಾ ಒತ್ತಿ, ಪ್ರತಿಯನ್ನು ಮನಿಷಾಳ ಕೈಗೆ ಕೊಟ್ಟ. ಅವಳು ಅದನ್ನು ಎರಡು ಸಲ ಓದಿದಳು. ಮೂರನೆಯ ಸಲಕ್ಕೆ ನಗು ತಡೆಯದೆ ಅಜ್ಜಿಯನ್ನು ಅಪ್ಪಿಕೊಂಡಳು.

ಟೆಂಪೊ ಇರಲಿಲ್ಲ. ಸಾಮಾನು ಸಾಗಿಸಲು ವಿಕ್ರಾಂತ ಠಾಣೆಯ ಜೀಪನ್ನೇ ಕೊಟ್ಟ. ಛಾವಣಿಯ ಮೇಲೆ ಮಂಚ ಕಾಲು ಮೇಲೆ ಮಾಡಿ ಮಲಗಿತು. ಹಿಂದಿನ ಸೀಟಿನಲ್ಲಿ ಕುಳಿತ ರಾವಸಾಹೇಬರ ತೊಡೆಯ ಮೇಲೆ ತಾರಾಬಾಯಿ ಬಿಸಿ ಪಾತೇಲಿ ಇಟ್ಟಳು. "ಚೆಲ್ಲಬ್ಯಾಡ್ರಿ ಮತ್ತ."

ಓಣಿಯ ಬಾಗಿಲುಗಳೆಲ್ಲ ತೆರೆದವು. "ಏನ್ರಿ ರಾವಸಾಹೇಬ, ಪೊಲೀಸರು ಹಿಡದ್ರೇನು?" ಎಂದು ಯಾರೋ ಕೂಗಿದರು.

ಮನಿಷಾ ಕಿಟಕಿಯಿಂದ ಅರ್ಧ ಹೊರಗೆ ಬಂದು ಕೈಬೀಸಿದಳು.

"ಇನ್ನೂ ಹಿಡದಿಲ್ರಿ! ನಾವು ಬಾಡಿಗಿಗೆ ಬಂದೇವಿ, ಭೋಜಕರು!"