ಒಂದೇ ಲೋಟದ ಔಷಧಿ

ಅಕ್ಕ ಮೂವತ್ತು ವರ್ಷ ಬಟ್ಟೆ ಗಿರಣಿಯಲ್ಲಿ ಥಾನುಗಳನ್ನು ಬೆಳಕಿಗೆ ಹಿಡಿದು ದೋಷ ಹುಡುಕಿದವಳು. ಕೆಲಸದಿಂದ ನಿವೃತ್ತಿಯಾಗಿದ್ದರೂ ಕಣ್ಣು ಇನ್ನೂ ನಿವೃತ್ತಿಯಾಗಿರಲಿಲ್ಲ. ಬೀಗ ರಿಪೇರಿ ಮಾಡುವ ತಮ್ಮ ಎರಡು ವರ್ಷದ ಹಿಂದೆ, ನಲವತ್ತೈದು ದಾಟಿದ ಮೇಲೆ, ಟ್ಯಾಕ್ಸಿ ಕಚೇರಿಯಲ್ಲಿ ಫೋನು ಎತ್ತುವವಳೊಬ್ಬಳನ್ನು ಮದುವೆಯಾಗಿ ಕರೆತಂದ ದಿನದಿಂದ ಆ ಕಣ್ಣಿಗೆ ಬಿಡುವಿರಲಿಲ್ಲ.

ತಮ್ಮನಿಗೆ ಎದೆಯಲ್ಲಿ ಸೋಂಕಾಗಿ ಜ್ವರ ಬಂತು. ಡಾಕ್ಟರು ಏಳು ದಿನಕ್ಕೆ ಆ್ಯಂಟಿಬಯಾಟಿಕ್ ಕ್ಯಾಪ್ಸೂಲು ಬರೆದುಕೊಟ್ಟರು. ಐದನೇ ದಿನವಾದರೂ ಜ್ವರ ಜಗ್ಗಲಿಲ್ಲ. ನೋಡಿಕೊಳ್ಳಲೆಂದು ಬಂದಿದ್ದ ಅಕ್ಕನ ತಲೆಗೆ ಅನುಮಾನದ ಹುಳ ಹೊಕ್ಕಿತು. ಔಷಧಿಯ ಹೊತ್ತಿಗೆ ಸರಿಯಾಗಿ ತಮ್ಮನ ಹೆಂಡತಿ ಅಡುಗೆಮನೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಏನು ಮಾಡ್ತೀಯ ಅಂದರೆ, "ಏನಿಲ್ಲ ಅಕ್ಕ" ಎಂದು ತೇಲಿಸಿಬಿಡುತ್ತಿದ್ದಳು.

ಆ ದಿನ ಕಸದ ಬುಟ್ಟಿ ಕೆದಕಿದಾಗ ಸಿಕ್ಕಿದ್ದು ಕ್ಯಾಪ್ಸೂಲಿನ ಖಾಲಿ ಹೊರಕವಚಗಳು. ಆರು ತುಂಡು. ಒಳಗಿನ ಔಷಧಿ ಎಲ್ಲಿ ಹೋಯಿತು? ಚರಂಡಿಗೆ ಸುರಿಯುತ್ತಿದ್ದಾಳೆ! ಅಂಗಡಿ ತಮ್ಮನ ಹೆಸರಿನಲ್ಲಿದೆ, ಮನೆಯೂ ಅವನದೇ. ಎರಡು ಎರಡು ನಾಲ್ಕು ಅಂತ ಅವಳ ಮನಸ್ಸೇ ಕೂಡಿಸಿಬಿಟ್ಟಿತು.

"ಚಪ್ಪಲಿ ಹಾಕ್ಕೋ. ಔಷಧಿ ಅಂಗಡಿಗೆ ಹೋಗಿ ಬರೋಣ," ಎಂದು ತಮ್ಮನ ಹೆಂಡತಿಗೆ ಹೇಳಿದಳು.

"ಯಾಕಕ್ಕ?"

"ಬಾ ಅಂದ್ರೆ ಬಾ."

ಬೀದಿಯ ತಿರುವಿನಲ್ಲಿದ್ದ ಅಂಗಡಿಯಲ್ಲಿ ನಾಲ್ಕು ಜನ ನಿಂತಿದ್ದರು. ಅಕ್ಕ ಅವರೆದುರಿಗೇ ಕರವಸ್ತ್ರ ಬಿಚ್ಚಿ ಆ ತುಂಡುಗಳನ್ನು ಗಾಜಿನ ಕೌಂಟರಿನ ಮೇಲೆ ಸುರಿದಳು. "ಇವಳನ್ನ ಕೇಳಿ. ನನ್ನ ತಮ್ಮನ ಹೊಟ್ಟೆಗೆ ಹೋಗಬೇಕಾದ್ದು ಎಲ್ಲಿ ಹೋಯ್ತು ಅಂತ ಕೇಳಿ!"

ಅಂಗಡಿಯ ಫಾರ್ಮಸಿಸ್ಟ್ ಹೆಂಗಸು ಕನ್ನಡಕ ಸರಿಮಾಡಿಕೊಂಡು, "ಏನಮ್ಮಾ ಇದು?" ಎಂದಳು.

ತಮ್ಮನ ಹೆಂಡತಿಯ ಮುಖ ಕೆಂಪಾಯಿತು. "ಅವರಿಗೆ ಕ್ಯಾಪ್ಸೂಲು ನುಂಗಕ್ಕಾಗಲ್ಲ, ಗಂಟಲಲ್ಲೇ ನಿಲ್ಲುತ್ತೆ. ಅಕ್ಕಂಗೆ ಗೊತ್ತಾದ್ರೆ ನಗ್ತಾಳೆ, ಹೇಳ್ಬೇಡ ಅಂತ ಆಣೆ ಹಾಕ್ಸಿದ್ರು. ಅದಕ್ಕೇ ಬಿಚ್ಚಿ, ಕಿತ್ತಳೆ ಹುಳಿ ಇರೋ ಆ ಪುಡಿಯ ನೀರಲ್ಲಿ ಕಲಸಿ ಕೊಡ್ತಿದ್ದೆ. ಕಹಿ ಗೊತ್ತಾಗಲ್ಲ."

"ಯಾವ ಪುಡಿ?"

"ನೊರೆ ಬರುತ್ತಲ್ಲ, ಕಫ ಕರಗಿಸೋದು. ಅಕ್ಕ ತಂದುಕೊಟ್ಟಿದ್ದು."

ಫಾರ್ಮಸಿಸ್ಟ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. "ಡಾಕ್ಟರಿಗೆ ಹೇಳಿದ್ರಾ?"

ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಹೋದ ವರ್ಷ ತನಗೆ ಕೆಮ್ಮಾದಾಗ ಉಳಿದಿದ್ದ ಪೊಟ್ಟಣಗಳು ಅವು. ಒಳ್ಳೇದಾಗಲಿ ಅಂತ ತಂದಿದ್ದಳು. ಕೇಳುವುದೇನು ಎಂದುಕೊಂಡಿದ್ದಳು.

"ಅದರಲ್ಲಿರೋ ಔಷಧಿಯನ್ನ ಕೆಲವು ಆ್ಯಂಟಿಬಯಾಟಿಕ್ ಜೊತೆ ಒಂದೇ ಲೋಟದಲ್ಲಿ ಕಲಸಿದ್ರೆ ಆ್ಯಂಟಿಬಯಾಟಿಕ್‌ನ ಶಕ್ತಿ ಕುಂದಬಹುದು," ಎಂದಳು ಫಾರ್ಮಸಿಸ್ಟ್. "ಎರಡೂ ಬೇಕಾದ್ರೆ ನಡುವೆ ಎರಡು ಗಂಟೆ ಬಿಡಿ ಅಂತ ನಾವು ಹೇಳ್ತೀವಿ. ಕ್ಯಾಪ್ಸೂಲನ್ನೂ ಕೇಳದೆ ಬಿಚ್ಚಬಾರದು. ಜ್ವರ ಇದರಿಂದ್ಲೇ ನಿಂತಿಲ್ಲ ಅಂತ ನಾನು ಹೇಳಲಾರೆ. ಇವತ್ತೇ ಡಾಕ್ಟರ ಹತ್ರ ಹೋಗಿ. ಎಲ್ಲಾ ಹೇಳಿ, ಪುಡಿ ವಿಷಯಾನೂ."

ಹಿಂದೆ ನಿಂತಿದ್ದವನೊಬ್ಬ ಕೆಮ್ಮಿದ. ಅದು ಕೆಮ್ಮೋ ನಗುವೋ ಅಕ್ಕನಿಗೆ ತಿಳಿಯಲಿಲ್ಲ. ಆ ತುಂಡುಗಳನ್ನು ಒಂದೊಂದಾಗಿ ಹೆಕ್ಕಿ ಕರವಸ್ತ್ರಕ್ಕೆ ಹಾಕಿಕೊಂಡಳು.

ಮನೆ ಹತ್ತಿರವಾದಾಗ ಅಕ್ಕ, "ನಾನು ಏನೇನೋ ಅಂದ್ಕೊಂಡಿದ್ದೆ," ಎಂದಳು.

"ಗೊತ್ತು ಅಕ್ಕ. ಎರಡು ವರ್ಷದಿಂದ ಗೊತ್ತು."

ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

ಡಾಕ್ಟರು ಎದೆ ಪರೀಕ್ಷಿಸಿ, ಪುಡಿ ನಿಲ್ಲಿಸಿ, ಆ್ಯಂಟಿಬಯಾಟಿಕ್ಕನ್ನು ಸಿರಪ್ಪಿನ ರೂಪದಲ್ಲಿ ಮೊದಲಿಂದ ಶುರುಮಾಡಿಸಿದರು. ಮೂರನೇ ದಿನ ಜ್ವರ ಇಳಿಯಿತು. ಗುಟ್ಟು ಬಿಟ್ಟುಕೊಟ್ಟಳೆಂದು ತಮ್ಮ, ಹೆಂಡತಿಯ ಮೇಲೆ ಹರಿಹಾಯ್ದಾಗ ಅಕ್ಕ ಅಡ್ಡ ಬಂದಳು. "ಅವಳು ಹೇಳಿಲ್ಲ, ನಾನೇ ಕಸ ಕೆದಕಿದೆ. ಬೈಯೋದಿದ್ರೆ ನನ್ನ ಬೈ." ಹೆಂಡತಿ ಒಮ್ಮೆ ಅವಳ ಕಡೆ ನೋಡಿದಳು, ಅಷ್ಟೇ.

ಆ ವಾರದ ಉಳಿದ ದಿನಗಳಲ್ಲಿ ಇಬ್ಬರ ನಡುವೆ ಅಗತ್ಯವಿದ್ದಷ್ಟೇ ಮಾತು. ಸೋಮವಾರ ರಜೆ ಮುಗಿಸಿ ಕಚೇರಿಗೆ ಹೊರಟ ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, ಸಿರಪ್ಪಿನ ಬಾಟಲಿಯನ್ನು ಅಕ್ಕನ ಕೈಗಿತ್ತಳು.

"ಮಧ್ಯಾಹ್ನ ಎರಡು ಗಂಟೆದು ನೀವೇ ಕೊಡಿ. ಕೊಟ್ರಾ ಅಂತ ನಾನು ಫೋನ್ ಮಾಡಿ ಕೇಳಲ್ಲ."