ಎರಡು ಜೋಡಿಯ ಏರು

1949ನೇ ಇಸವಿ ಫೆಬ್ರವರಿ 14, ಸೋಮವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಮಕ್ತಲದಿಂದ ಒಂದೂವರೆ ಮೈಲು ದೂರದ ಕಲ್ಲುಗಣಿಯ ದಾರಿಯಲ್ಲಿ ತಾಯಪ್ಪ ಸೈಕಲ್ಲಿನ ಮೇಲೆ ಎದ್ದು ನಿಂತು ತುಳಿಯುತ್ತಿದ್ದ. ಏರು ಮುಗಿಯಲು ಇನ್ನು ಹತ್ತು ಮಾರು ಉಳಿದಿತ್ತು. ಹಿಂದೆ ಕ್ಯಾರಿಯರಿಗೆ ಕಟ್ಟಿದ್ದ ಮರಳಿನ ಚೀಲ ಒಂದು ಕಡೆಗೆ ವಾಲಿತು, ಬಲಗಾಲಿನ ಕೆಳಗಿನ ಪೆಡಲು ಇಳಿಯಲೊಲ್ಲದೆ ನಿಂತಿತು, ಸೈಕಲ್ಲು ಒಂದು ಗಳಿಗೆ ಅಲ್ಲೇ ನಿಂತು ಯೋಚನೆ ಮಾಡಿದಂತೆ ಮಾಡಿ ಅವನನ್ನು ಜಾಲಿಯ ಮುಳ್ಳಿನ ಕಡೆಗೆ ಕೆಡವಿತು.

"ಯಾಕ ಅಳಿಯಾ, ಕುದುರಿ ಒಗೀತೇನು?" ಕೆಳಗಿನಿಂದ, ಊರ ವರಸೆಯಲ್ಲಿ ಮಾವನಾಗಬೇಕಾದ ಬಾಲಯ್ಯನ ದನಿ ಬಂತು. ಅವನು ಗಣಿಯಿಂದ ಕಲ್ಲು ತರಲು ಖಾಲಿ ಗಾಡಿ ಹೊಡೆದುಕೊಂಡು ಬರುತ್ತಿದ್ದ.

"ಸರಕಾರಿ ಕುದುರಿ ಮಾವಾ. ಮಾತು ಕೇಳಂಗಿಲ್ಲ."

"ಮೇವು ಹಾಕಿದ್ರ ಕೇಳತಿತ್ತು. ಬರೇ ಗಾಳಿ ತಿಂದು ಯಾವ ದನ ಏರು ಏರತೈತಿ ಹೇಳು?"

ತಾಯಪ್ಪ ನಕ್ಕ. ಆದರೆ ಏಳಲು ಅವನಿಗೆ ಸೈಕಲ್ಲಿನ ಆಸರೆ ಬೇಕಾಯಿತು. ಬಲಗಾಲಿನ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ನೇರ ಮಾಡಿದ. ಬಾಲಯ್ಯ ಅದನ್ನು ನೋಡಿ ಎತ್ತುಗಳ ಕಡೆಗೆ ಮುಖ ತಿರುಗಿಸಿದ.

ಆ ಮೊಣಕಾಲಿಗೆ ಪೆಟ್ಟು ಬಿದ್ದು ಆರು ತಿಂಗಳಾಗಿತ್ತು. ತಾಯಪ್ಪ ಎಂಟು ವರ್ಷ ಮಕ್ತಲದಿಂದ ನಾರಾಯಣಪೇಟೆಗೆ ಟಪಾಲು ಹೊತ್ತ ಹರಕಾರ. ಕೋಲಿಗೆ ಗೆಜ್ಜೆ ಕಟ್ಟಿಕೊಂಡು, ಚೀಲ ಬೆನ್ನಿಗೆ ಹಾಕಿಕೊಂಡು, ಕುರಿಗಳು ಹೋಗುವ ಕಾಲುದಾರಿಯಲ್ಲಿ ಗುಡ್ಡ ಅಡ್ಡ ಹಾಯ್ದು ಓಡುವುದು ಅವನ ಕೆಲಸ. ಹೋದ ಆಗಸ್ಟಿನಲ್ಲಿ, ಯಾರ ಕೈಯಲ್ಲಿ ಬಂದೂಕು ಇದೆಯೋ ಅವರದೇ ರಾಜ್ಯವಾಗಿದ್ದ ದಿನಗಳಲ್ಲಿ, ಹಳ್ಳದ ನಾಕಾದಲ್ಲಿ ನಾಲ್ಕು ಜನ ಅವನ ಚೀಲ ಸುರುವಿ, ಓದಲು ಬಾರದ ಕಾಗದಗಳನ್ನು ತಿರುವಿ ಹಾಕಿ, ಹೋಗುವಾಗ ಬಂದೂಕಿನ ಹಿಡಿಯಿಂದ ಒಂದು ಕೊಟ್ಟು ಹೋಗಿದ್ದರು. ಅದೇ ವಾರ ಅವನ ಅಪ್ಪ ಸಿದ್ದಪ್ಪನ ನಲವತ್ತು ಕುರಿಗಳನ್ನು ಯಾವುದೋ ಕ್ಯಾಂಪಿನವರು ಹೊಡೆದುಕೊಂಡು ಹೋದರು. ಬೀರಪ್ಪನ ಗುಡಿಗೆ ಬಿಟ್ಟಿದ್ದ ಟಗರನ್ನೂ ಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಇಂಡಿಯಾದ ಫೌಜು ಬಂತು. ಕುರಿ ಬರಲಿಲ್ಲ.

ಈಗ ಟಪಾಲು ಕಚೇರಿಗೆ ಹೊಸ ಹುಕುಂ ಬಂದಿತ್ತು. ನಡೆಯುವ ಹರಕಾರರು ಬೇಡ, ನಾರಾಯಣಪೇಟೆ ಲೈನಿಗೆ ಒಬ್ಬ ಸೈಕಲ್ ಸವಾರ ಸಾಕು. ಬಳ್ಳಾರಿಯ ಕಡೆಯಿಂದ ಬಂದಿದ್ದ ಇನ್ಸ್‌ಪೆಕ್ಟರು ತಾಯಪ್ಪನನ್ನು ನಿಲ್ಲಿಸಿಕೊಂಡು ಹೇಳಿದ್ದರು: "ಹಳಬ ಅಂತ ನಿನಗೆ ಮೊದಲು ಒಂದು ಅವಕಾಶ. ಫೆಬ್ರವರಿ ಇಪ್ಪತ್ತೆಂಟಕ್ಕೆ ಚೀಲ ತಗೊಂಡು ಗಾಡಿ ರಸ್ತೆಯಲ್ಲಿ ನಾರಾಯಣಪೇಟೆಗೆ ಹೋಗು. ದಾರಿಯಲ್ಲಿ ಎಲ್ಲೋ ಒಂದು ಏರಿನ ತಲೆಗೆ ನಾನು ಕೂತಿರ್ತೀನಿ. ನೀನು ಇಳಿದು ತಳ್ಳಿಕೊಂಡು ಬಂದೆ ಅಂದರೆ ಸೈಕಲ್ಲು ಯಾತಕ್ಕೆ? ರಾಯಚೂರಿನಿಂದ ಬೇರೆ ಹುಡುಗನ್ನ ಕರೆಸ್ತೀನಿ."

ಯಾವ ಏರು ಎಂದು ಅವರು ಹೇಳಲಿಲ್ಲ. ಮೊಣಕಾಲಿನ ವಿಚಾರ ತಾಯಪ್ಪನೂ ಹೇಳಲಿಲ್ಲ.

ಸೈಕಲ್ಲು ಕಚೇರಿಯದು. ಮಕ್ತಲದ ಟಪಾಲು ಮುನ್ಶಿ ಸಾಹೇಬರು ಅದನ್ನು ದಿನಾ ಬೆಳಿಗ್ಗೆ ಆರಕ್ಕೆ ಅವನ ಕೈಗೆ ಕೊಟ್ಟು, ಎಂಟೂವರೆಗೆ ಒರೆಸಿದ ಸೈಕಲ್ಲು ಗೋಡೆಗೆ ಒರಗಿರಬೇಕು ಎನ್ನುತ್ತಿದ್ದರು. ಸೆಪ್ಟೆಂಬರಿನಿಂದ ಅವರು ಗೊಂಡೆಯ ಕೆಂಪು ರೂಮಿ ಟೋಪಿ ಹಾಕುವುದನ್ನು ಬಿಟ್ಟಿದ್ದರು. ಬೋಳು ತಲೆಯ ಮೇಲೆ ಆಗಾಗ ಕೈ ಹೋಗಿ, ಅಲ್ಲಿ ಏನೂ ಇಲ್ಲವೆಂದು ನೆನಪಾಗಿ, ಇಳಿಯುತ್ತಿತ್ತು. "ನನ್ನ ನೌಕರಿ ಎಷ್ಟು ದಿನವೋ ಗೊತ್ತಿಲ್ಲ ತಾಯಪ್ಪ. ನಿಂದಾದರೂ ಗಟ್ಟಿ ಆಗಲಿ. ಜರಾ ಹೋಶಿಯಾರಾಗಿ ಹೋಗು," ಎಂದಿದ್ದರು.

ಎರಡೂವರೆ ಗಂಟೆಯಲ್ಲಿ ನಾರಾಯಣಪೇಟೆಯ ಹದಿನೆಂಟು ಮೈಲು ಹೋಗಿ ಬರಲಾಗದು. ಆ ಗಾಡಿ ರಸ್ತೆಯೂ ಅವನಿಗೆ ಹೊಸದು. ಎಂಟು ವರ್ಷ ಗುಡ್ಡದ ಮೇಲಿನಿಂದ ಅದನ್ನು ನೋಡಿದ್ದನೇ ಹೊರತು ತುಳಿದವನಲ್ಲ. ಹಾಗಾಗಿ ಆ ರಸ್ತೆಯ ಅತಿ ಕಷ್ಟದ ಏರು ಯಾವುದೆಂದು ತಿಳಿದು, ಅದರ ಸರಿಜೋಡಿಯನ್ನು ಮಕ್ತಲದ ಸುತ್ತಲೇ ಹುಡುಕುವುದು ಅವನ ಲೆಕ್ಕ. ಕೆರೆಯ ಕಟ್ಟೆಯ ಮೇಲೆ ಹತ್ತುವ ದಾರಿ ಕಡಿದಾಗಿತ್ತು, ಆದರೆ ಇಪ್ಪತ್ತು ಮಾರಿಗೇ ಮುಗಿಯಿತು. ಬೀರಪ್ಪನ ಗುಡ್ಡದ ಬದಿ ಬರೀ ಬಂಡೆ. ಊಟ್ಕೂರಿನ ದಿಕ್ಕಿನ ದಿನ್ನೆ ಉದ್ದವಿತ್ತು, ಆದರೆ ಮೊಣಕಾಲಿಗೆ ಗೊತ್ತಾಗದಷ್ಟು ಸಣ್ಣ ಏರು. ಒಂದೊಂದು ದಿನ ಒಂದೊಂದನ್ನು ನೋಡಿ ಬಿಟ್ಟಾಗಿತ್ತು.

"ಮಾವಾ, ನೀ ಆರು ವರ್ಷ ನಾರಾಯಣಪ್ಯಾಟಿಯಿಂದ ಮಕ್ತಲದ ಮ್ಯಾಲೆ ಹಾಯ್ದು ಕೃಷ್ಣಾ ಸ್ಟೇಶನ್ನಿಗೆ ಶೇಂಗಾ ಹೊಡದಿ," ಎಂದ ತಾಯಪ್ಪ ಮುಳ್ಳು ಕಿತ್ತುಕೊಳ್ಳುತ್ತ. "ಆ ರಸ್ತಾದಾಗ ದೊಡ್ಡ ಏರು ಯಾವುದು?"

ಬಾಲಯ್ಯ ಯೋಚಿಸಲೇ ಇಲ್ಲ. "ಹುಣಸಿ ಏರು. ಎರಡು ಜೋಡಿ ಏರು ಅದು. ಅಲ್ಲಿಗಿ ಬಂದ್ರ ಹಿಂದಿನ ಗಾಡಿ ಎತ್ತು ಬಿಚ್ಚಿ ಮುಂದಿನ ಗಾಡಿಗಿ ಕಟ್ಟಬೇಕು. ಒಂದು ಜೋಡಿಗಿ ಅದು ಬಗ್ಗಂಗಿಲ್ಲ."

"ಮತ್ತ ಬ್ಯಾರೆ?"

"ಬ್ಯಾರೆ ಏನೈತಿ, ಎಲ್ಲಾ ಒಂದು ಜೋಡೀವೇ. ನಾರಾಯಣಪ್ಯಾಟಿ ಬಿಟ್ಟ ಮ್ಯಾಲೆ ಮೂರು ಮೈಲಿಗಿ ಒಂದು ಇಳುಕು ಬರತೈತಿ, ಗಾಡಿ ಹಿಂದ ಕೊರಡು ಕಟ್ಟಿ ಎಳಸಬೇಕು. ಇಲ್ಲಾಂದ್ರ ಗಾಡಿ ಎತ್ತಿನ ಮೈಮ್ಯಾಲೆ ಹೋಗತೈತಿ. ಇಳುಕು ನಿನಗ್ಯಾಕ? ನಿನಗ ಏರು ಬೇಕಲ್ಲಾ?"

"ಏರು ಬೇಕು."

"ಹಂಗಾದ್ರ ಇದೇ ಸರಿ. ಈ ಗಣಿ ದಾರಿಗೂ ಕಲ್ಲು ತುಂಬಿದ್ರ ಎರಡು ಜೋಡಿ ಬೇಕು. ಹುಣಸಿ ಏರಿನ ತಮ್ಮ ಅಂತ ತಿಳಕೋ." ಬಾಲಯ್ಯ ಎತ್ತಿನ ಬಾಲ ಮುಟ್ಟಿ "ಪದ, ಪದ" ಎಂದು ತೆಲುಗಿನಲ್ಲಿ ಗದರಿಸಿದ. ಅವನ ಎತ್ತುಗಳು ಐಜದ ಸಂತೆಯವು, ಕನ್ನಡಕ್ಕೆ ಕಿವಿಗೊಡುವುದಿಲ್ಲವೆಂದು ಅವನ ನಂಬಿಕೆ.

ಮುಂದಿನ ಹದಿಮೂರು ದಿನ ತಾಯಪ್ಪ ಗಣಿಯ ದಾರಿಯನ್ನೇ ಹತ್ತಿದ. ಆರನೆಯ ದಿನ ಮೊದಲ ಬಾರಿ ತುದಿ ಮುಟ್ಟಿದ. ಹತ್ತನೆಯ ದಿನ ಎರಡು ಸಲ. ಸಂಜೆ ಹೆಂಡತಿ ಪೆಂಟಮ್ಮ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಮೊಣಕಾಲಿಗೆ ಒತ್ತುತ್ತಿದ್ದಳು.

"ಇದು ನೋಡು, ಕುಂಬಳಕಾಯಿ ಆಗೇತಿ. ಸಾಹೇಬ್ರಿಗೆ ಹೇಳಬಾರದೇನು, ಟಪಾಲು ತರೂಮುಂದನ ಬಿದ್ದ ಪೆಟ್ಟು ಅಂತ?"

"ಹೇಳಿದ್ರ ಅಯ್ಯೋ ಅಂತಾರ. ಅಯ್ಯೋ ಅಂದವರು ಕೆಲಸ ಕೊಡಂಗಿಲ್ಲ."

"ಕೆಲಸ ಇಲ್ಲಾಂದ್ರ ಕುರಿ ಕಾಯೂಣು."

"ಯಾರ ಕುರಿ?" ಎಂದ ತಾಯಪ್ಪ. ಪೆಂಟಮ್ಮ ಉಪ್ಪಿನ ಗಂಟನ್ನು ಮತ್ತೆ ಕಾಯಿಸಲು ಎದ್ದಳು.

ಇಪ್ಪತ್ತೆಂಟರಂದು ಏಳು ಗಂಟೆಗೆ ಮುನ್ಶಿ ಸಾಹೇಬರು ಚೀಲಕ್ಕೆ ಅರಗಿನ ಮೊಹರು ಹಾಕಿ ತಾವೇ ಕ್ಯಾರಿಯರಿಗೆ ಕಟ್ಟಿದರು. ಹನ್ನೆರಡು ಸೇರು ಭಾರ. ಊಟ್ಕೂರಿನವರೆಗೆ ತಾಯಪ್ಪ ಸುಲಭವಾಗಿ ಹೋದ. ಜೋಳ ಕೊಯ್ದ ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ಹುಣಸೆಮರಗಳ ಸಾಲು ದೂರದಿಂದಲೇ ಕಂಡಿತು. ಅವನು ಮೈ ಬಿಗಿಮಾಡಿ, ಉಸಿರು ಎಳೆದುಕೊಂಡು, ಪೆಡಲಿಗೆ ಕಾಲು ಊರಿ ಸಿದ್ಧನಾದ.

ಸೈಕಲ್ಲು ತಾನಾಗಿಯೇ ಓಡತೊಡಗಿತು. ಮರಗಳ ಕೆಳಗಿನಿಂದ ರಸ್ತೆ ಇಳಿಯುತ್ತ ಹೋಗಿತ್ತು. ತಾಯಪ್ಪ ಮೊದಲು ಇದಲ್ಲ, ಮುಂದೆ ಇನ್ನೊಂದು ಹುಣಸೆ ಸಾಲು ಇರಬೇಕು ಎಂದುಕೊಂಡ. ಇಳಿದು ಮುಗಿದ ಮೇಲೆ ತಿರುಗಿ ನೋಡಿದ. ಬುಡದಲ್ಲಿ, ಅವನು ಇಳಿದು ಬಂದ ಕಡೆಗೆ ಮುಖ ಮಾಡಿ, ಶೇಂಗಾ ಮೂಟೆ ಹೇರಿದ ಎರಡು ಗಾಡಿಗಳು ನಿಂತಿದ್ದವು. ಹಿಂದಿನ ಗಾಡಿಯ ಎತ್ತು ಬಿಚ್ಚಿ ಮುಂದಿನದಕ್ಕೆ ಕಟ್ಟುತ್ತಿದ್ದರು.

ಆಗ ಅವನಿಗೆ ತಿಳಿಯಿತು. ಬಾಲಯ್ಯನ ಲೆಕ್ಕ ಸುಳ್ಳಲ್ಲ. ಗಾಡಿಯವರು ಭಾರವಿದ್ದಾಗಷ್ಟೇ ರಸ್ತೆಯನ್ನು ಅಳೆಯುತ್ತಾರೆ. ಭಾರ ಹೋಗುವುದು ನಾರಾಯಣಪೇಟೆಯಿಂದ ಸ್ಟೇಶನ್ನಿಗೆ. ತಿರುಗಿ ಬರುವಾಗ ಗಾಡಿ ಖಾಲಿ, ಗಾಡಿಯವ ಒಳಗೆ ಮಲಗಿರುತ್ತಾನೆ, ಆಗಿನ ಏರು ಏರೇ ಅಲ್ಲ. ತಾಯಪ್ಪ ಹೋಗುತ್ತಿದ್ದದ್ದು ಅವರು ಮಲಗಿ ಹೋಗುವ ದಿಕ್ಕಿಗೆ. ಅವರು ಇಳುಕು ಅಂದದ್ದೆಲ್ಲ ಅವನಿಗೆ ಏರು.

ಅಲ್ಲಿಂದ ಐದು ಮೈಲಿನ ಮೇಲೆ ಬಾಲಯ್ಯ ಹೇಳಿದ್ದ ಕೊರಡಿನ ಇಳುಕು ಬಂತು. ಬುಡದಲ್ಲಿ ರಸ್ತೆಯ ಪಕ್ಕ ಕೊರಡುಗಳ ರಾಶಿ ಬಿದ್ದಿತ್ತು, ಇಳಿದ ಗಾಡಿಗಳವರು ಬಿಚ್ಚಿ ಹಾಕಿದ್ದು. ಕೊರಡು ಎಳೆದೆಳೆದು ರಸ್ತೆ ಮೂರು ಗಾಡಿಗಳ ಅಗಲಕ್ಕೆ ಹರಡಿ, ಕೆಂಪು ಮಣ್ಣು ಹಿಟ್ಟಿನಂತಾಗಿತ್ತು. ಗಣಿಯ ಏರು ಇದರ ಅರ್ಧವೂ ಇರಲಿಲ್ಲ. ಮೇಲೆ, ಒಂದು ಬೇವಿನ ಗಿಡದ ಕೆಳಗೆ, ಕಪ್ಪು ಕೊಡೆ ಕಂಡಿತು. ಇನ್ಸ್‌ಪೆಕ್ಟರು ಬೆಳಗಿನ ಬಸ್ಸಿಗೆ ಬಂದು ಅಲ್ಲಿ ಇಳಿದಿದ್ದರು.

ನಿಂತು ಸುಧಾರಿಸಿಕೊಳ್ಳೋಣವೆಂದರೆ ಕೊಡೆ ಆಗಲೇ ಅವನ ಕಡೆಗೆ ತಿರುಗಿತ್ತು. ಅವನು ನೇರವಾಗಿ ನುಗ್ಗಿದ. ಐವತ್ತು ಮಾರು ಹೋಗುವಷ್ಟರಲ್ಲಿ ತೊಡೆ ನಡುಗಿತು. ಎಂಬತ್ತಕ್ಕೆ ಮೊಣಕಾಲಿನೊಳಗೆ ಯಾರೋ ಮೊಳೆ ಇಟ್ಟು ತಿರುಗಿಸಿದಂತಾಯಿತು. ಹಿಂದಿನ ಭಾರಕ್ಕೆ ಮುಂದಿನ ಗಾಲಿ ನೆಲ ಬಿಟ್ಟು ಏಳುವಂತಾಗಿ, ಹ್ಯಾಂಡಲು ಕೈ ಮೀರಿ ಎಡಕ್ಕೆ ಹೊರಳಿತು. ಮುಗಿಯಿತು ಎಂದುಕೊಂಡು ಕಾಲು ಊರಲು ಹೊರಟವನಿಗೆ ಪೆಡಲು ಹಗುರಾದದ್ದು ಗೊತ್ತಾಯಿತು. ಸೈಕಲ್ಲು ಏರಿಗೆ ಎದೆಕೊಡದೆ ಅಡ್ಡಲಾಗಿ, ರಸ್ತೆಯ ಅಂಚಿನ ಕಡೆಗೆ ಹೋಗುತ್ತಿತ್ತು. ಹೋಗುತ್ತಲೇ ತುಸು ಮೇಲೂ ಏರುತ್ತಿತ್ತು.

ಕುರಿ ಹೀಗೇ ಏರುತ್ತದೆ. ಅಪ್ಪನ ಹಿಂಡು ಗುಡ್ಡಕ್ಕೆ ಎಂದೂ ನೇರ ನುಗ್ಗಲಿಲ್ಲ. ಪಕ್ಕೆ ಕೊಟ್ಟು ಅತ್ತ ಹೋಗಿ, ಪಕ್ಕೆ ಕೊಟ್ಟು ಇತ್ತ ಬರುತ್ತಿತ್ತು. ಅವಸರಕ್ಕೆ ತಾಯಪ್ಪ ಕಲ್ಲೆಸೆದರೆ ಸಿದ್ದಪ್ಪ ಬೈಯುತ್ತಿದ್ದ. ಗಣಿಯ ದಾರಿ ಒಂದೇ ಗಾಡಿಯಷ್ಟು ಅಗಲವಿದ್ದುದರಿಂದ ಅಲ್ಲಿ ಅವನಿಗೆ ಇದು ಹೊಳೆದಿರಲಿಲ್ಲ. ಇಲ್ಲಿ ಜಾಗವಿತ್ತು.

ಅಂಚಿನಲ್ಲಿ ತಿರುಗುವುದು ಕಷ್ಟ. ತಿರುಗುವ ಒಂದು ಗಳಿಗೆ ಇಡೀ ಏರು ಎದೆಗೆ ಬರುತ್ತದೆ, ಆಗ ಒಂದು ಪೂರ್ತಿ ತುಳಿತ ಬೇಕು. ಆ ತುಳಿತ ಎಡಗಾಲಿನ ಪಾಲಿಗೆ ಬರುವಂತೆ ಅವನು ಮೊದಲೇ ಅಂದಾಜು ಮಾಡಿಕೊಳ್ಳತೊಡಗಿದ. ಒಮ್ಮೆ ಅಂದಾಜು ತಪ್ಪಿತು. ಬಲಗಾಲೇ ತುಳಿಯಬೇಕಾಗಿ ಬಂದು ಕಣ್ಣು ಕತ್ತಲಿಟ್ಟಿತು, ಬಾಯಲ್ಲಿ ಮಣ್ಣಿನ ರುಚಿ ಬಂತು. ಗಾಲಿ ನಿಂತಂತೆಯೇ ಆಗಿ, ಮತ್ತೆ ಉರುಳಿತು. ಮೇಲೆ ನೋಡುವುದನ್ನು ಅವನು ಬಿಟ್ಟುಬಿಟ್ಟ. ಅಂಚು, ತಿರುವು, ಅಂಚು. ಬೇವಿನ ನೆರಳು ಮುಂದಿನ ಗಾಲಿಯ ಮೇಲೆ ಬಿದ್ದಾಗಲೇ ಮುಗಿಯಿತೆಂದು ಗೊತ್ತಾದದ್ದು.

"ಕುಡಿದಿದ್ದೀಯೇನು?" ಎಂದರು ಇನ್ಸ್‌ಪೆಕ್ಟರು.

"ಇಲ್ಲರೀ ಸಾಹೇಬ್ರ. ಕುರಿ ಹಿಂಗ ಏರತಾವ್ರಿ."

ಅವರಿಗೆ ನಗು ಬಂದದ್ದು ಕೊಡೆಯ ಕೆಳಗೂ ಕಂಡಿತು. "ಇಳಿ. ಮೊಹರು ನೋಡಬೇಕು."

ತಾಯಪ್ಪ ಇಳಿದ. ಎಡಗಾಲು ನೆಲಕ್ಕೆ ಬಂತು, ಬಲಗಾಲು ಮಡಿಚಿದ್ದು ಮಡಿಚಿದಂತೆಯೇ ಉಳಿಯಿತು. ಸೀಟು ಹಿಡಿದು ಒಂಟಿಕಾಲಲ್ಲಿ ನಿಂತ. ಧೋತರದ ಕೆಳಗೆ ಊದಿದ ಮೊಣಕಾಲು ಮುಚ್ಚಿಡುವಂತಿರಲಿಲ್ಲ. ಇನ್ಸ್‌ಪೆಕ್ಟರು ಮೊಹರನ್ನು ನೋಡಲಿಲ್ಲ.

"ಎಷ್ಟು ದಿನದಿಂದ?"

"ಆಗಸ್ಟಿನಿಂದ್ರಿ."

"ನನಗೆ ಹೇಳಲಿಲ್ಲ."

"ನೀವು ಕಾಲು ಕೇಳಲಿಲ್ರೀ. ಏರು ಕೇಳಿದ್ರಿ."

ಇನ್ಸ್‌ಪೆಕ್ಟರು ಕೊಡೆ ಮಡಿಚಿ ಏರಿನ ಕಡೆಗೆ ತೋರಿಸಿದರು. "ಇಂದು ಹತ್ತಿದೆ. ವಾರಕ್ಕೆ ಆರು ದಿನ ಹತ್ತೀಯಾ?"

ತಾಯಪ್ಪ ಸುಳ್ಳು ಹೇಳಬಹುದಿತ್ತು. "ನಾಳಿದು ನನಗೂ ಗೊತ್ತಿಲ್ರಿ. ಇವತ್ತಿಂದು ಏರೀನಿ, ನೀವು ನೋಡೀರಿ."

"ನಾನು ನೋಡಿದ್ದನ್ನಷ್ಟೇ ಬರೆಯೋನು," ಎಂದು ಅವರು ರಿಜಿಸ್ಟರು ತೊಡೆಯ ಮೇಲಿಟ್ಟುಕೊಂಡು ಬರೆದರು. ಬರೆದು ಓದಿದರು: ತಾಯಪ್ಪ ಸಿದ್ದಪ್ಪ, ಸೈಕಲ್ ಸವಾರ, ಮಾರ್ಚ್ ಒಂದರಿಂದ. ಕಾಲು ನೆಲಕ್ಕೆ ತಾಗಲಿಲ್ಲ. "ನಾರಾಯಣಪೇಟೆ ದವಾಖಾನೆಯಲ್ಲಿ ಇದನ್ನು ತೋರಿಸಿಕೊಂಡೇ ವಾಪಸು ಹೋಗಬೇಕು. ಇದೂ ಹುಕುಂ."

ದವಾಖಾನೆಯವರು ಮೊಣಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿ ಕಳಿಸಿದರು. ವಾಪಸಿನ ಚೀಲ ಹಾಕಿಕೊಂಡು ತಾಯಪ್ಪ ಅದೇ ಏರಿನ ತಲೆಗೆ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಬೇವಿನ ಕೆಳಗೆ ಯಾರೂ ಇರಲಿಲ್ಲ. ಕೆಂಪು ಹಿಟ್ಟಿನಲ್ಲಿ ಅವನ ಗಾಲಿಯ ಗೆರೆ ಅಂಚಿನಿಂದ ಅಂಚಿಗೆ ಹೊಲಿಗೆ ಹಾಕಿದ ಹಾಗೆ ಬುಡದವರೆಗೂ ಇತ್ತು. ಅವನು ಸೈಕಲ್ಲಿನಿಂದ ಇಳಿದ. ಹ್ಯಾಂಡಲು ಹಿಡಿದುಕೊಂಡು, ಕುಂಟುತ್ತ, ಆ ಗೆರೆಯ ಪಕ್ಕದಲ್ಲೇ ಅತ್ತ ಹೋಗಿ ಇತ್ತ ಬರುತ್ತ ಇಳಿಯತೊಡಗಿದ. ಏರಿದ ದಾರಿಯನ್ನು ಎಣಿಸುತ್ತ ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು.

ಹಿಂದೆ ಮೂಟೆ ಹೇರಿದ ಗಾಡಿಯೊಂದು ಬಂದು ನಿಂತಿತು. ಗುರುತಿಲ್ಲದ ಗಾಡಿಯವ. ಅವನು ಒಂದು ಸಲ ಗೆರೆಯನ್ನು ನೋಡಿದ, ಒಂದು ಸಲ ಅದರ ಪಕ್ಕದಲ್ಲಿ ಸೊಟ್ಟಸೊಟ್ಟ ಇಳಿಯುತ್ತಿದ್ದ ಮನುಷ್ಯನನ್ನು ನೋಡಿದ. ಹಗ್ಗ ಜಗ್ಗಿ ಹಿಡಿದು ಬೀಡಿ ಹಚ್ಚಿದ. ಎತ್ತುಗಳು ತಲೆ ಕೊಡವಿದವು, ಗಂಟೆ ಸದ್ದು ಮಾಡಿ ನಿಂತಿತು. ತಾಯಪ್ಪ ಬುಡ ಮುಟ್ಟಿ ಕೈ ಎತ್ತಿದ ಮೇಲೆಯೇ ಗಾಡಿ ಹೊರಟಿತು.

ಏಳುನೂರ ಮೂವತ್ತಾರು ಹೆಜ್ಜೆ.