ಬಾಯಿ ಬಿಡಿಸದ ಡಾಕ್ಟರು

ನಮ್ಮ ಅತ್ತಿಗೆ ಹಲ್ಲಿನ ಡಾಕ್ಟರು, ನಾನು ಅವರ ಕ್ಲಿನಿಕ್ಕಿನಲ್ಲಿ ಸಹಾಯಕಿ. ಅವರಿಗೆ ಎಲ್ಲಿಲ್ಲದ ತಾಳ್ಮೆ, ನನಗೆ ಮೂಗಿನ ತುದಿಯಲ್ಲೇ ಕೋಪ. ಇಬ್ಬರನ್ನೂ ಒಂದೇ ಮನೆಯಲ್ಲಿಟ್ಟುಕೊಂಡು ಅಣ್ಣ ಹೇಗೋ ಬದುಕಿದ್ದಾನೆ.

ಆವತ್ತು ಮಧ್ಯಾಹ್ನ ಒಬ್ಬ ತಂದೆ ಎರಡನೇ ಕ್ಲಾಸಿನ ಮಗಳನ್ನು ಕರೆತಂದ. ಹುಡುಗಿಯ ಮುಂದಿನ ಹಲ್ಲು ಮುರಿದಿತ್ತು.

"ಮೆಟ್ಟಿಲ ಮೇಲೆ ಬಿದ್ಲು ಡಾಕ್ಟ್ರೇ. ಒಂದು ಕಡೆ ನಿಲ್ಲೋ ಮಗುವಲ್ಲ ಇದು," ಎಂದು ನಕ್ಕ. ಬೆಣ್ಣೆಯಂಥ ಮಾತು. ನನಗೂ ನಗು ಬಂತು. ಹುಡುಗಿ ಮಾತ್ರ ನಗಲಿಲ್ಲ. ಅಪ್ಪ ಕನ್ನಡಕ ಸರಿಮಾಡಿಕೊಳ್ಳಲು ಕೈಯೆತ್ತಿದರೂ ಅವಳು ಕತ್ತು ಒಳಗೆಳೆದುಕೊಳ್ಳುತ್ತಿದ್ದಳು.

ಅವಳನ್ನು ಕುರ್ಚಿಗೆ ಒರಗಿಸುವಾಗ ಅತ್ತಿಗೆ ಕೂದಲು ಸರಿಸಿದರು. ಕಿವಿಯ ಹಿಂದೆ ನೀಲಿಗಟ್ಟಿತ್ತು. ಅದರ ಕೆಳಗೆ ಇನ್ನೊಂದು, ಹಳೆಯದು, ಹಳದಿಗೆ ತಿರುಗಿದ್ದು. ಬಿದ್ದ ಮಕ್ಕಳಿಗೆ ಹಣೆ, ಗದ್ದ, ಮೊಣಕಾಲು ತರಚುತ್ತವೆ. ಕಿವಿಯ ಹಿಂದಕ್ಕೆ ಮೆಟ್ಟಿಲು ತಾಗುವುದು ಕಷ್ಟ. ಅತ್ತಿಗೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಎಕ್ಸ್-ರೇ ತೆಗೀಬೇಕು, ನೀವು ಹೊರಗೆ ಕೂತಿರಿ," ಎಂದು ತಂದೆಯನ್ನು ಕಳಿಸಿ ಬಾಗಿಲು ಹಾಕಿದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. "ಅಪ್ಪ ಹೊಡೆದ್ರಾ?" ಎಂದು ಕೇಳಿಯೇಬಿಡುತ್ತಿದ್ದೆ, ಅಷ್ಟರಲ್ಲಿ ಅತ್ತಿಗೆ ಕಣ್ಣಲ್ಲೇ ಗದರಿದರು. ಉತ್ತರವನ್ನು ನಾವೇ ಮಗುವಿನ ಬಾಯಿಗೆ ತುರುಕಬಾರದು ಎನ್ನುವುದು ಅವರ ನಿಯಮ. ಹಲ್ಲಿನ ಡಾಕ್ಟರಾಗಿಯೂ ಬಾಯಿ ಬಿಡಿಸದವರು! ಕುರ್ಚಿ ತಗ್ಗಿಸಿ, ಅವಳ ಕಣ್ಣಿಗೆ ನೇರವಾಗುವಂತೆ ಸ್ಟೂಲಿನ ಮೇಲೆ ಕೂತು, "ಏನಾಯ್ತು ಪುಟ್ಟಿ?" ಎಂದಷ್ಟೇ ಕೇಳಿದರು.

"ಬಿದ್ದೆ."

ಅತ್ತಿಗೆ ಕುರ್ಚಿಯ ಮೇಲಿನ ದೀಪವನ್ನು ಅವಳ ಕಣ್ಣಿನಿಂದ ಆಚೆ ತಿರುಗಿಸಿದರು.

"ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ," ಎಂದಳು ಹುಡುಗಿ.

ಅಯ್ಯೋ ಮಾಡಿಬಿಡಿ ಅತ್ತಿಗೆ, ಎಂದು ನನ್ನ ಜೀವ ಕೂಗಿತು. ಅವರು ಮಾಡಲಿಲ್ಲ.

"ಆ ಪ್ರಾಮಿಸ್ ಮಾಡಕ್ಕಾಗಲ್ಲ ಕಂದ. ನಿನಗೆ ಯಾರಾದ್ರೂ ನೋವು ಮಾಡ್ತಿದ್ರೆ, ಮಕ್ಕಳನ್ನ ಕಾಪಾಡೋ ಕೆಲಸದವರಿಗೆ ನಾನು ಹೇಳ್ಲೇಬೇಕು. ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೇ ಹೇಳ್ತೀನಿ."

ಹುಡುಗಿ ತುಟಿ ಬಿಗಿದುಕೊಂಡಳು. ಹೋಯ್ತು, ಇನ್ನು ಅದೇ ಮನುಷ್ಯನ ಕೈ ಹಿಡಿದು ಅದೇ ಮನೆಗೆ ಹೋಗುತ್ತಾಳೆ ಎಂದು ನನಗೆ ಅಳುವೇ ಬಂತು. ಅತ್ತಿಗೆಯ ಮೇಲೆ ಸಿಟ್ಟೂ ಬಂತು. ಅವರೋ, ಮೆಲ್ಲಗೆ ಅವಳ ಕೊರಳಿಗೆ ಕಟ್ಟಿದ ಬಟ್ಟೆ ಸರಿಮಾಡುತ್ತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಹುಡುಗಿ ಅವರ ತೋಳು ಎಳೆದಳು.

"ಅಪ್ಪ ಪ್ರತಿ ಸಲಾನೂ ಪ್ರಾಮಿಸ್ ಮಾಡ್ತಾರೆ," ಎಂದಳು. "ಇನ್ಮೇಲೆ ಹೊಡೆಯಲ್ಲ ಅಂತ."

ಉಳಿದದ್ದನ್ನೂ ಹೇಳಿದಳು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಅತ್ತಿಗೆ ಬರೆದುಕೊಂಡರು, ತಮ್ಮದೊಂದು ಪದವನ್ನೂ ಸೇರಿಸಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ತಪ್ಪು ನಿಂದಲ್ಲ," ಎಂದರು. ಹಲ್ಲಿಗೆ ಔಷಧಿ ತುಂಬಿ, ಯಾರಿಗೆ ಹೇಳುತ್ತೇನೆಂದು ಮೊದಲು ಅವಳಿಗೆ ತಿಳಿಸಿ, ಅವಳ ಎದುರಿಗೇ ಮಕ್ಕಳ ರಕ್ಷಣೆಯ ಕಚೇರಿಗೆ ಫೋನ್ ಮಾಡಿದರು. ಕಂಡದ್ದು, ಕೇಳಿದ್ದು ಹೇಳಿ ತಮ್ಮ ಹೆಸರನ್ನೂ ಕೊಟ್ಟರು.

"ಅಪ್ಪಂಗೆ ಸಿಟ್ಟು ಬರತ್ತೆ."

"ಬರಬಹುದು. ಆದ್ರೆ ಕಚೇರಿಯವರು ಬರೋವರೆಗೂ ನಾನು ನಿನ್ನ ಪಕ್ಕದಿಂದ ಏಳಲ್ಲ. ಇದಕ್ಕೆ ಪ್ರಾಮಿಸ್."

ಅತ್ತಿಗೆ ಕೈ ಚಾಚಿದರು. ಹುಡುಗಿ ಹಿಡಿದುಕೊಂಡಳು.

ತಂದೆ ಬಾಗಿಲು ಬಡಿದ. ಮತ್ತೆ ಬಡಿದಾಗ ದನಿಯಲ್ಲಿ ಬೆಣ್ಣೆ ಇರಲಿಲ್ಲ. ಇನ್ನೂ ಕೆಲಸ ಇದೆ ಎಂದು ನಾನೇ ಬಾಗಿಲಿಗೆ ಅಡ್ಡ ನಿಂತು ಹೇಳಿದೆ. ನನ್ನ ಕೋಪ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಹೊರಗೆ ಮುಂದಿನ ಪೇಷೆಂಟುಗಳು ಗೊಣಗಿದರು, ಫೋನು ಬಡಿದುಕೊಂಡಿತು. ಅತ್ತಿಗೆ ಅಲ್ಲಾಡಲಿಲ್ಲ. ಇಂಥವರ ನಾದಿನಿ ನಾನು ಎಂದು ಎದೆಯುಬ್ಬಿತು.

ಕೊನೆಗೆ ಕಚೇರಿಯಿಂದ ಇಬ್ಬರು ಹೆಂಗಸರು ಬಂದರು, ಜೊತೆಗೊಬ್ಬ ಪೊಲೀಸ್. ಹೆಂಗಸರಲ್ಲೊಬ್ಬರು ಕುರ್ಚಿಯ ಹತ್ತಿರ ಮಂಡಿಯೂರಿ ತಾವು ಯಾರೆಂದು ಹೇಳಿದರು. ಹುಡುಗಿ ಅವರನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಅತ್ತಿಗೆಯ ಕೈ ಬಿಟ್ಟಳು.

"ಈಗ ನೀವು ಏಳಬಹುದು ಡಾಕ್ಟ್ರೇ," ಎಂದಳು.